ಟ್ಯಾಂಕಿನ ನೀರು ಅಳೆಯಲು ಯಾವ ಬೋರ್ಡು? ಊನೋ, ಇಎಸ್‌ಪಿ32, ಪಿಕೋಗಳ ನಿಜವಾದ ಖರ್ಚು

ಮೈಕ್ರೋಕಂಟ್ರೋಲರ್ ಬೋರ್ಡುಗಳ (ಸೆನ್ಸರ್ ಓದಿ ಕೆಲಸ ನಡೆಸುವ ಪುಟ್ಟ ಕಂಪ್ಯೂಟರುಗಳ) ಮೆಗಾಹರ್ಟ್ಸ್, ಕಿಲೋಬೈಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಏನೂ ತೀರ್ಮಾನವಾಗುವುದಿಲ್ಲ. ಒಂದು ಕೆಲಸ ಹಿಡಿಯಿರಿ. ಅದು ಮುಗಿಯುವವರೆಗೆ ಯಾವ ಬೋರ್ಡಿಗೆ ಏನೇನು ಸೇರಿಸಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಲ್ಲಿ ಹಿಡಿದಿರುವ ಕೆಲಸ, ಮಾಳಿಗೆ ಮೇಲಿನ ಟ್ಯಾಂಕಿನ ನೀರಿನ ಮಟ್ಟ ಅಳೆದು ವೈಫೈ ಮೂಲಕ ಫೋನಿಗೆ ತಿಳಿಸುವುದು.

ಮೊದಲು ಸೆನ್ಸರ್. ಟ್ಯಾಂಕಿನೊಳಗೆ ಸದಾ ತೇವ, ಆದ್ದರಿಂದ ತುದಿಗೆ ನೀರು ತಾಗಿದರೂ ಕೆಡದ ಜೆಎಸ್ಎನ್-ಎಸ್ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್ ತೆಗೆದುಕೊಳ್ಳಿ. ಕಿವಿಗೆ ಕೇಳದ ಶಬ್ದ ಕಳಿಸಿ, ಪ್ರತಿಧ್ವನಿ ಬರಲು ಹಿಡಿದ ಹೊತ್ತಿನಿಂದ ಇದು ದೂರ ಅಳೆಯುತ್ತದೆ. ಸುಮಾರು 20–25 ಸೆಂ.ಮೀ.ಗಿಂತ ಹತ್ತಿರದ್ದು ಇದಕ್ಕೆ ಸರಿಯಾಗಿ ಕಾಣದು. ಮುಚ್ಚಳಕ್ಕೆ ನೇರವಾಗಿ ಕೂರಿಸಿದರೆ ಟ್ಯಾಂಕು ತುಂಬುವ ಹೊತ್ತಿಗೇ ಲೆಕ್ಕ ತಪ್ಪುತ್ತದೆ. ನೀರು ಏರುವ ಕೊನೆಯ ಮಟ್ಟಕ್ಕಿಂತ 25 ಸೆಂ.ಮೀ. ಮೇಲಿರುವಂತೆ ಒಂದು ಪೈಪಿನ ತುಂಡು ಹಾಕಿ ಎತ್ತರಿಸಿ. ಸೆನ್ಸರ್ 5 ವೋಲ್ಟಿನದು. ಖರ್ಚಿನ ಅರ್ಧ ಕಥೆ ಇಲ್ಲಿಂದಲೇ ಶುರು.

ಆರ್ಡುಯಿನೋ ಊನೋ ಆರ್3 ಕೂಡ 5 ವೋಲ್ಟಿನ ಬೋರ್ಡು, ಸೆನ್ಸರನ್ನು ನೇರವಾಗಿ ಜೋಡಿಸಬಹುದು. ಆದರೆ ವೈಫೈ ಇಲ್ಲ. ಇಎಸ್‌ಪಿ-01 ಮಾಡ್ಯೂಲ್ ಸೇರಿಸೋಣವೆಂದರೆ ಅದು 3.3 ವೋಲ್ಟಿನದು. ಊನೋದ 3.3 ವೋಲ್ಟ್ ಪಿನ್ನು ಕೊಡುವುದು 50 ಮಿಲಿಆಂಪ್ ಮಾತ್ರ, ಹಾಗಾಗಿ ವೈಫೈ ಸಿಗ್ನಲ್ ಕಳಿಸಿದಾಗಲೆಲ್ಲ ಮಾಡ್ಯೂಲ್ ಸತ್ತು ಹುಟ್ಟುತ್ತದೆ. ಅದಕ್ಕೊಂದು ಬೇರೆ ರೆಗ್ಯುಲೇಟರ್ (ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಭಾಗ), ಸಿಗ್ನಲ್ ತಂತಿಗೆ ರೆಸಿಸ್ಟರುಗಳು. ಕೊನೆಗೆ ಕುದುರೆಗಿಂತ ಲಗಾಮೇ ದುಬಾರಿ. ಆ ಮಾಡ್ಯೂಲಿನಲ್ಲಿರುವ ಇಎಸ್‌ಪಿ8266 ಚಿಪ್ಪು ಊನೋ ಇಲ್ಲದೆಯೇ ಈ ಕೆಲಸ ಮಾಡಬಲ್ಲದು ಎನ್ನುವುದು ಇನ್ನೊಂದು ತಮಾಷೆ. ರ‍್ಯಾಮ್ ಊನೋದಲ್ಲಿ ಬರೀ 2 ಕೆ.ಬಿ. ಇರುವುದರಿಂದ ಮೈಕ್ರೋಪೈಥಾನ್ (ಪುಟ್ಟ ಬೋರ್ಡುಗಳಿಗೆಂದು ಮಾಡಿದ ಪೈಥಾನ್ ಭಾಷೆ) ಹಿಡಿಸುವುದಿಲ್ಲ; ಸಿ++ ಒಂದೇ ದಾರಿ. ಫೋನು ಬೇಡ, ಟ್ಯಾಂಕು ತುಂಬಿದಾಗ ಬಜರ್ ಕೂಗಿದರೆ ಸಾಕು ಎನ್ನುವವರಿಗೆ ಮಾತ್ರ ಊನೋ ಅಗ್ಗ.

ಇಎಸ್‌ಪಿ32ರಲ್ಲಿ ವೈಫೈ ಒಳಗೇ ಇದೆ, 520 ಕೆ.ಬಿ. ರ‍್ಯಾಮ್ ಇದೆ, ಸಿ++ ಅಥವಾ ಮೈಕ್ರೋಪೈಥಾನ್ ಎರಡೂ ನಡೆಯುತ್ತವೆ. ಪಿನ್ನುಗಳು 3.3 ವೋಲ್ಟಿನವು. ಸೆನ್ಸರಿನ ಎಕೋ ತಂತಿಯನ್ನು (ಪ್ರತಿಧ್ವನಿಯ ಸಿಗ್ನಲ್ ತರುವುದು) 1 ಕಿಲೋಓಮ್ ರೆಸಿಸ್ಟರ್ ಮೂಲಕ ಪಿನ್ನಿಗೆ ತನ್ನಿ, ಅದೇ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋಓಮ್ ಹಾಕಿ. 5 ವೋಲ್ಟ್ 3.3ಕ್ಕೆ ಇಳಿಯುತ್ತದೆ. ಜಿಪಿಐಒ12 ಎಂಬ ಪಿನ್ನಿಗೆ ಎಕೋ ಕೊಡಬೇಡಿ: ಆನ್ ಆಗುವಾಗ ಆ ಪಿನ್ನು ಹೈ (ವೋಲ್ಟೇಜ್ ಬಂದಿರುವ ಸ್ಥಿತಿ) ಇದ್ದರೆ ಬೋರ್ಡು ಏಳುವುದೇ ಇಲ್ಲ. 6ರಿಂದ 11ರವರೆಗಿನ ಪಿನ್ನುಗಳು ಫ್ಲ್ಯಾಶ್ ಮೆಮೊರಿಗೆ ಮೀಸಲು. ಎಡಿಸಿ2ಕ್ಕೆ (ವೋಲ್ಟೇಜನ್ನು ಅಂಕಿಯಾಗಿ ಓದುವ ಎರಡನೇ ಘಟಕ) ಸೇರಿದ ಪಿನ್ನುಗಳಲ್ಲಿ ವೈಫೈ ಓಡುವಾಗ ಅನಲಾಗ್ ಅಳತೆ ಸಿಗದು. ಕೋಡು ಏರದೆ 'ಫೇಲ್ಡ್ ಟು ಕನೆಕ್ಟ್' ಬಂದರೆ, 'ಕನೆಕ್ಟಿಂಗ್' ಕಾಣಿಸಿದ ಕೂಡಲೇ ಬೂಟ್ ಬಟನ್ ಒತ್ತಿ ಹಿಡಿಯಿರಿ. 'ಬ್ರೌನ್‌ಔಟ್' ಎಂದು ಪದೇ ಪದೇ ರೀಸ್ಟಾರ್ಟ್ ಆದರೆ ದೋಷ ಬಹುಮಟ್ಟಿಗೆ ತೆಳು ಕೇಬಲ್ಲಿನದು ಅಥವಾ ಬಡ ಚಾರ್ಜರಿನದು. ಬಿಲ್ಲಿನಲ್ಲಿ ಕಾಣದ ಖರ್ಚು ಇನ್ನೊಂದಿದೆ: 38 ಪಿನ್ನಿನ ಬೋರ್ಡು ಎಷ್ಟು ಅಗಲವೆಂದರೆ ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ತಂತಿ ಚುಚ್ಚುವ ತೂತುಗಳ ಹಲಗೆ) ಮೇಲೆ ತಂತಿ ಚುಚ್ಚಲು ಜಾಗ ಉಳಿಯದೆ, ಎರಡು ಬ್ರೆಡ್‌ಬೋರ್ಡು ಜೋಡಿಸಬೇಕಾಗುತ್ತದೆ.

2021ರ ಜನವರಿಯಲ್ಲಿ 4 ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಪಿಕೋ ವೈಫೈ ಇಲ್ಲದ್ದು. 2022ರಲ್ಲಿ 6 ಡಾಲರಿಗೆ ಬಂದ ಪಿಕೋ ಡಬ್ಲ್ಯುನಲ್ಲಿ ಅದಿದೆ. ಹೊಸಬರಿಗೆ ಪೈಥಾನ್ ಕಲಿಸಲು ಇದಕ್ಕಿಂತ ಸಲೀಸಾದದ್ದು ಸಿಗುವುದು ಕಷ್ಟ: ಬೂಟ್‌ಸೆಲ್ ಬಟನ್ ಒತ್ತಿಕೊಂಡೇ ಯುಎಸ್‌ಬಿ ಚುಚ್ಚಿ, ಪೆನ್‌ಡ್ರೈವ್‌ನಂತೆ ಕಾಣುವ ಡ್ರೈವಿಗೆ ಮೈಕ್ರೋಪೈಥಾನಿನ ಯುಎಫ್2 ಕಡತ ಎಳೆದು ಹಾಕಿದರೆ ಆಯಿತು. ಎಕೋ ತಂತಿಗೆ ಇಲ್ಲೂ ಅದೇ ಎರಡು ರೆಸಿಸ್ಟರ್ ಬೇಕು. ಹೆಡರ್ ಪಿನ್ನು (ತಂತಿ ಜೋಡಿಸುವ ಪಿನ್ನುಗಳ ಸಾಲು) ಬೆಸುಗೆ ಹಾಕದೆ ಬರುವುದರಿಂದ, ಮನೆಯಲ್ಲಿ ಸೋಲ್ಡರಿಂಗ್ ಐರನ್ ಇಲ್ಲದವರು ಹೆಡರ್ ಇರುವ ಡಬ್ಲ್ಯುಎಚ್ ಮಾದರಿಯನ್ನೇ ಕೇಳಿ.

ಭಾಷೆಯ ವಿಚಾರದಲ್ಲಿ ವೇಗದ ಚಿಂತೆ ಬೇಡ, ನಿಮಿಷಕ್ಕೊಮ್ಮೆ ಅಳೆಯುವುದಕ್ಕೆ ಯಾವುದಾದರೂ ಸಾಕು. ಎಚ್ಚರ ಬೇಕಿರುವುದು ಪ್ರತಿಧ್ವನಿ ಬಾರದೇ ಹೋದಾಗ. ಎಕೋ ಸಿಗ್ನಲಿನ ಹೊತ್ತು ಅಳೆಯುವ ಆರ್ಡುಯಿನೋದ ಪಲ್ಸ್‌ಇನ್ ಆದೇಶ ಆಗ 0 ಕೊಡುತ್ತದೆ. ಅದನ್ನು ಹಾಗೇ ದೂರವೆಂದು ಓದಿದರೆ ಖಾಲಿ ಟ್ಯಾಂಕೂ ತುಂಬಿ ತುಳುಕಿದಂತೆ ಕಾಣುತ್ತದೆ. ಮೈಕ್ರೋಪೈಥಾನ್ -1 ಅಥವಾ -2 ಕೊಡುತ್ತದೆ, ಕನಿಷ್ಠ ಅದು ಕಣ್ಣಿಗೆ ಬೀಳುತ್ತದೆ. ಎರಡರಲ್ಲೂ ಟೈಮ್‌ಔಟ್ (ಕಾಯುವ ಮಿತಿ) 30,000 ಮೈಕ್ರೋಸೆಕೆಂಡ್ ಇಡಿ, ಐದು ಸಲ ಅಳೆದು ತಪ್ಪಿದ್ದನ್ನು ಬಿಟ್ಟು ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಮೈಕ್ರೋಸೆಕೆಂಡನ್ನು 58ರಿಂದ ಭಾಗಿಸಿದರೆ ಸೆಂ.ಮೀ.

ಬ್ಯಾಟರಿಯಲ್ಲಿ ಓಡಿಸುವ ಆಸೆಯಿದ್ದರೆ ಜಾಹೀರಾತಿನ ಅಂಕಿ ನಂಬಬೇಡಿ. ಇಎಸ್‌ಪಿ32 ಚಿಪ್ಪು ಡೀಪ್ ಸ್ಲೀಪಿನಲ್ಲಿ (ಬಹುಪಾಲು ಭಾಗಗಳು ಮಲಗಿರುವ ಸ್ಥಿತಿ) 10 ಮೈಕ್ರೋಆಂಪ್ ಎಳೆಯುವುದು ನಿಜ, ಆದರೆ ಬೋರ್ಡಿನ ರೆಗ್ಯುಲೇಟರ್, ಎಲ್‌ಇಡಿ, ಯುಎಸ್‌ಬಿ ಚಿಪ್ಪು ಎಚ್ಚರವಾಗಿಯೇ ಇರುತ್ತವೆ. ಒಟ್ಟು 10 ಮಿಲಿಆಂಪ್ ಆದರೂ 2000 ಎಂಎಎಚ್ ಸೆಲ್ಲು 200 ಗಂಟೆ, ಅಂದರೆ ಎಂಟು ದಿನಕ್ಕೆ ಮುಗಿಯುತ್ತದೆ. ಮಾಳಿಗೆಗೆ ಒಂದು ವೈರು ಎಳೆಯುವುದೇ ಅಗ್ಗ.

ಈಗ ಹಾಳೆಯಲ್ಲಿ ಕೂಡಿ: ಬೋರ್ಡು, ಡೇಟಾ ಹೋಗುವ ಕೇಬಲ್ಲು (ಬರೀ ಚಾರ್ಜಿಂಗ್ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಬೋರ್ಡು ಕಾಣುವುದೇ ಇಲ್ಲ), ಚಾರ್ಜರ್, ನೀರು ಸೋರದ ಡಬ್ಬಿ, ಜಿಎಸ್‌ಟಿ, ಕೊರಿಯರ್. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇರುವುದರಿಂದ ಕೊರಿಯರ್ ಖರ್ಚು ಉಳಿತಾಯ. ಇನ್ನೊಂದು ಬೋರ್ಡು ಹೆಚ್ಚಿಗೆ ಸೇರಿಸಿ, ಒಂದು ಸುಡುವುದು ಮಾಮೂಲು. ಈ ಕೆಲಸಕ್ಕೆ ಇಎಸ್‌ಪಿ32 ಗೆಲ್ಲುತ್ತದೆ. ಪೈಥಾನ್ ಕಲಿಯುವುದೂ ಉದ್ದೇಶವಾಗಿದ್ದರೆ ಪಿಕೋ ಡಬ್ಲ್ಯು.

ಪಂಪನ್ನೂ ಬೋರ್ಡಿನಿಂದಲೇ ಆನ್-ಆಫ್ ಮಾಡಬೇಕೆಂದರೆ 10 ಆಂಪ್ ಎಂದು ಬರೆದಿರುವ ಪುಟ್ಟ ನೀಲಿ ರಿಲೇಗೆ (ಬೋರ್ಡಿನ ಸಿಗ್ನಲಿನಿಂದ ನಡೆಯುವ ಸ್ವಿಚ್ಚು) ಮೋಟರನ್ನು ನೇರ ಜೋಡಿಸಬೇಡಿ. ಶುರುವಾಗುವಾಗ ಮೋಟರು ಎಳೆಯುವ ಕರೆಂಟಿಗೆ ಅದರ ಕಾಂಟ್ಯಾಕ್ಟುಗಳು ಅಂಟಿಕೊಂಡು ಪಂಪು ನಿಲ್ಲುವುದೇ ಇಲ್ಲ. ರಿಲೇಯಿಂದ ಕಾಂಟ್ಯಾಕ್ಟರಿನ (ಮೋಟರಿನ ಭಾರಿ ಕರೆಂಟಿಗೆಂದೇ ಇರುವ ದೊಡ್ಡ ಸ್ವಿಚ್ಚು) ಕಾಯಿಲ್ ಮಾತ್ರ ಎಳೆಸಿ. 230 ವೋಲ್ಟಿನ ಆ ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಅವರ ಕೂಲಿಯನ್ನೂ ಹಾಳೆಗೆ ಸೇರಿಸಿ.