ನಾನೊಬ್ಬನೇ ಅಂದುಕೊಂಡಿದ್ದೆ

ನಾನು ಕ್ರೈಸ್ತ ಮನೆಯಲ್ಲೇ ಹುಟ್ಟಿ ಬೆಳೆದವನು. ಭಾನುವಾರದ ಆರಾಧನೆ, ಉಪವಾಸ ಪ್ರಾರ್ಥನೆ ಯಾವುದೂ ಹೊಸದಲ್ಲ. ಆದರೂ ಅಪ್ಪ ತೀರಿಕೊಂಡ ಮೇಲೆ ಪ್ರಾರ್ಥನೆಗೆ ಕೂತರೆ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಸಮಾಧಾನ ಹೇಳಲು ಬಂದವರೆಲ್ಲ ಸತ್ಯವೇದದ (ಬೈಬಲಿನ) ವಚನ ಹೇಳಿ ಹೋದರು. ಒಂದೂ ಒಳಗಿಳಿಯಲಿಲ್ಲ.

ಆಗ ನಾನು ಹಿಡಿದುಕೊಂಡದ್ದು ಸತ್ಯವೇದದ 1 ಅರಸುಗಳು ಪುಸ್ತಕದ 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಬಾಳನೆಂಬ ಸುಳ್ಳು ದೇವರ ಪ್ರವಾದಿಗಳ ಮೇಲೆ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡುತ್ತಾನೆ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವರು ಗದರಿಸುವುದಿಲ್ಲ. ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸುತ್ತಾರೆ. ತಿಂದು ಮತ್ತೆ ಮಲಗಿದವನನ್ನು ಮತ್ತೆ ಎಬ್ಬಿಸಿ ತಿನ್ನಿಸುತ್ತಾರೆ. ಆ ಹೊತ್ತಿನಲ್ಲಿ ಉಪದೇಶ ಒಂದೂ ಇಲ್ಲ!

ಮನೆಯವರು ಏಳುವ ಮುಂಚೆ, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು, ಇದೇ ಅಧ್ಯಾಯವನ್ನು ದಿನವೂ ಮೆಲ್ಲಗೆ ಬಾಯಿಬಿಟ್ಟು ಓದುತ್ತಿದ್ದೆ. ಯಾವ ವಚನ ತಡೆದು ನಿಲ್ಲಿಸುತ್ತದೋ ಅಲ್ಲೇ ಸುಮ್ನೆ ಕೂರುವುದು. ಮಾತು ಬಂದರೆ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳುವುದು. ಬರದಿದ್ದರೆ ಸತ್ಯವೇದದ 88ನೇ ಕೀರ್ತನೆ ಓದುವುದು. ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ಮಾತ್ರ ಕತ್ತಲಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಗೂ ಸತ್ಯವೇದದಲ್ಲಿ ಜಾಗವಿದೆ ಅನ್ನುವುದೇ ನನಗೆ ದೊಡ್ಡ ಧೈರ್ಯವಾಯಿತು.

ಎಲೀಯ ಅಲ್ಲಿಂದ ಹೋರೇಬ್ ಬೆಟ್ಟಕ್ಕೆ ಹೋಗುತ್ತಾನೆ. ಅಲ್ಲಿ ಗಾಳಿ, ಭೂಕಂಪ, ಬೆಂಕಿ ಆದಮೇಲೆ ದೇವರ ಮೆಲುದನಿ ಬರುತ್ತದೆ. ನಾವು ಅದರ ಬಗ್ಗೆಯೇ ಜಾಸ್ತಿ ಪ್ರಸಂಗ ಕೇಳಿದ್ದೇವೆ ಅಲ್ವಾ? ನನ್ನನ್ನು ಹಿಡಿದದ್ದು ಅದರ ಮುಂದಿನ ಭಾಗ. ಉಳಿದಿರುವವನು ನಾನೊಬ್ಬನೇ ಅಂತ ಎಲೀಯ ಎರಡು ಸಲ ಹೇಳುತ್ತಾನೆ. ಬಾಳನಿಗೆ ಅಡ್ಡಬೀಳದ 7,000 ಜನರಿದ್ದಾರೆ ಅನ್ನುತ್ತಾರೆ ದೇವರು. ಜೊತೆಗೆ ಅವನ ನಂತರ ಪ್ರವಾದಿಯಾಗಬೇಕಾದ ಎಲೀಷನ ಹೆಸರು ಹೇಳಿ, ಬಂದ ದಾರಿಯಲ್ಲೇ ಕೆಲಸಕ್ಕೆ ವಾಪಸ್ ಕಳಿಸುತ್ತಾರೆ.

ಒಂದು ಬೆಳಗ್ಗೆ ಆ 7,000 ಜನರ ವಚನದ ಹತ್ತಿರ ಓದು ನಿಂತುಹೋಯಿತು. ಧ್ವನಿ ಕೇಳಲಿಲ್ಲ, ಬೆಳಕು ಕಾಣಲಿಲ್ಲ. ಆದರೆ ದೇವರು ಇಲ್ಲೇ ಇದ್ದಾರೆ, ಇದನ್ನು ನನಗೇ ಹೇಳುತ್ತಿದ್ದಾರೆ ಅನ್ನುವುದರಲ್ಲಿ ಸಂಶಯ ಉಳಿಯಲಿಲ್ಲ. ತುಂಬಾ ಅತ್ತೆ. ಅಳು ನಿಂತಾಗ ಮನಸ್ಸಿಗೆ ಬಂದವರು ನಮ್ಮ ಸಭೆಯ ಒಬ್ಬ ಅಕ್ಕ. ಅದೇ ವರ್ಷ ಗಂಡನನ್ನು ಕಳೆದುಕೊಂಡಿದ್ದರು.

ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಅವರ ಯಜಮಾನರ ಬಗ್ಗೆ ಕೇಳಿದೆ. "ಸಮಾಧಿ ಆದಮೇಲೆ ಅವರ ಸುದ್ದಿ ಎತ್ತಿದವನು ನೀನೇ ಮೊದಲು ತಮ್ಮಾ" ಅಂದರು. ಆಮೇಲೆ ನಾನೂ ಅಪ್ಪನ ಬಗ್ಗೆ ಹೇಳಿದೆ. ಕತ್ತಲಾದದ್ದೇ ಗೊತ್ತಾಗಲಿಲ್ಲ.

ಅಪ್ಪ ಇಲ್ಲದ ನೋವು ಈಗಲೂ ಇದೆ. ಆದರೆ ಅದು ನನ್ನನ್ನು ಕೋಣೆಯೊಳಗೆ ಕೂಡಿಹಾಕುವುದಿಲ್ಲ. ಪ್ರವಾದಿ ಮೋಶೆ ದೇವರ ಜೊತೆ ಮಾತಾಡಿ ಸೀನಾಯಿ ಬೆಟ್ಟದಿಂದ ಇಳಿದಾಗ ಮುಖ ಹೊಳೆಯುತ್ತಿದ್ದದ್ದು ಅವನಿಗೇ ಗೊತ್ತಿರಲಿಲ್ಲ. ಜನ ಕಂಡರು. ನನ್ನಲ್ಲೂ ಬದಲಾವಣೆ ಮೊದಲು ಕಂಡದ್ದು ಹೆಂಡತಿಗೆ. "ಈಗೀಗ ಮಕ್ಕಳ ಮೇಲೆ ರೇಗೋದು ಕಡಿಮೆಯಾಗಿದೆ ರೀ" ಅಂದಳು. ಕಣ್ಣೀರಿಗಿಂತ ಈ ಸಾಕ್ಷಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಈಗ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ, ನೆಂಟರೆಲ್ಲ ಊರಿಗೆ ಹೋದ ಮೇಲೆ ಆ ಮನೆಗೆ ಹೋಗುತ್ತೇನೆ. ಮೊದಲು ಊಟ ಆಯ್ತಾ ಅಂತ ಕೇಳುತ್ತೇನೆ. ಸತ್ಯವೇದ ತೆರೆಯುವುದು ಅವರು ಕೇಳಿದ ಮೇಲೆ.