ಹಳೆಯ ಮನೆಯ ಕಿಟಕಿ ಬಿಗಿದುಕೊಂಡರೆ, ತೋಪಡ ಹಿಡಿಯುವ ಮುನ್ನ

ಚಿತ್ರದುರ್ಗದ ಹಳೆಯ ಓಣಿಗಳಲ್ಲಿ ಉಳಿದಿರುವ ಮಾಳಿಗೆ ಮನೆಗಳ ಮರದ ಕಿಟಕಿಗಳು ಹಸ್ತ, ಚಿತ್ತಾ ಮಳೆ ಹಿಡಿದಾಗ ಬಿಗಿದುಕೊಳ್ಳುವುದು ಹೆಚ್ಚು. ನಮ್ಮ ಕಡೆ ಒಳ್ಳೆಯ ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಬೇಸಿಗೆಯಿಡೀ ಒಣಗಿ ಕುಗ್ಗಿದ್ದ ಮರ ಆ ತೇವವನ್ನು ಹೀರಿ ಅಗಲಕ್ಕೆ ಹಿಗ್ಗುತ್ತದೆ. ಆಗ ಅವಸರಪಟ್ಟು ಅಂಚನ್ನು ತೋಪಡದಿಂದ ಹೆರೆಸಿಬಿಟ್ಟರೆ, ಶಿವರಾತ್ರಿಯ ಹೊತ್ತಿಗೆ ಅದೇ ಕದ ಚೌಕಟ್ಟಿನಲ್ಲಿ ಸಡಿಲಾಗಿ, ಮುಂದೆ ಆಷಾಢದ ಗಾಳಿಗೆ ದೂಳನ್ನೆಲ್ಲ ಒಳಗೆ ಬಿಡುತ್ತದೆ. ಆದ್ದರಿಂದ ಕಿಟಕಿ ಎಲ್ಲಿ ಹಿಡಿದಿದೆ, ಏಕೆ ಹಿಡಿದಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಹಳೆಯ ಲಗ್ನಪತ್ರಿಕೆಯೊಂದನ್ನು ಕದ ಮತ್ತು ಚೌಕಟ್ಟಿನ ನಡುವಿನ ಸಂದಿಗೆ ತೂರಿಸಿ ಸುತ್ತಲೂ ಎಳೆಯುತ್ತ ಹೋಗಿ, ಅದು ತಡೆದು ನಿಂತ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ.

ಪತ್ರಿಕೆ ಎಲ್ಲಿಯೂ ತೂರದಿದ್ದರೆ ಬಣ್ಣವೇ ಸಂದಿಯನ್ನು ಮುಚ್ಚಿದೆ ಎಂದರ್ಥ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಬ್ಲೇಡು ಹೊಕ್ಕಾಗ ಬೂದು ಬಣ್ಣದ ಕೆಳಗೆ ನೀಲಿ, ಅದರ ಕೆಳಗೆ ಎಲೆಹಸಿರು, ಆಮೇಲೆ ತೇಗದ ಮರ ಕಾಣಿಸಿತು. ಹರಿತವಾದ ಬ್ಲೇಡಿನಿಂದ ಸಂದಿಯ ಗೆರೆಯುದ್ದಕ್ಕೂ, ಒಳಗೂ ಹೊರಗೂ, ಎರಡು ಮೂರು ಸಲ ಹಗುರವಾಗಿ ಸೀಳಬೇಕು. ನಂತರ ಮರದ ತುಂಡೊಂದನ್ನು ಕದದ ಮೂಲೆಗಳ ಬಳಿ ಇಟ್ಟು, ಕದ ತೆರೆಯುವ ದಿಕ್ಕಿಗೆ ಮೆಲ್ಲಗೆ ತಟ್ಟಿ. ನಡುವಿನ ತೆಳು ಹಲಗೆಗೆ ಅಥವಾ ಗಾಜಿಗೆ ಎಂದೂ ಪೆಟ್ಟು ಬೀಳಬಾರದು. ಮನೆಬಳಕೆಯ ಬಣ್ಣದಲ್ಲಿ ವಿಷಕಾರಿ ಸೀಸದ ಅಂಶವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿಗೊಳಿಸಿದ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿ, ಸುಡಲೂ ಬೇಡಿ; ಒದ್ದೆ ಮಾಡಿ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ಮಕ್ಕಳನ್ನು ದೂರವಿಡಿ.

ಚಿಲಕದ ಕಡೆಯ ಕೆಳಮೂಲೆ ಮಾತ್ರ ಉಜ್ಜುತ್ತಿದ್ದರೆ ಮೇಲಿನ ಕೀಲು ಸಡಿಲಾಗಿ ಕದ ಜೋತಿರುತ್ತದೆ. ಸ್ಕ್ರೂ ತೆಗೆದು, ತೂತಿಗೆ ಫೆವಿಕಾಲ್ ಸವರಿದ ಬಿದಿರಿನ ಸೀಳುಗಳನ್ನು ಬಿಗಿಯಾಗಿ ತುಂಬಿ, ಒಂದು ದಿನ ಒಣಗಲು ಬಿಟ್ಟು ಮತ್ತೆ ಸ್ಕ್ರೂ ಹಾಕಿದರೆ ಕದ ಮೇಲೇಳುತ್ತದೆ. ತುಕ್ಕು ಹಿಡಿದ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಕ್ರಮೇಣ ದೂಳು ಹಿಡಿದು ಜಿಗುಟಾಗುತ್ತದೆ.

ಹಿಗ್ಗಿದ ಮರಕ್ಕೆ ಮಳೆಗಾಲದಲ್ಲಿ ಅಂಚಿನ ಮೇಲೆ ಮೇಣದ ಬತ್ತಿ ಉಜ್ಜಿ ದಿನ ದೂಡುವುದೇ ಸರಿ. ಬೇಸಿಗೆಯಲ್ಲೂ ಬಿಗಿಯಾಗಿಯೇ ಇದ್ದರೆ ಚೌಕಟ್ಟಿಗೆ ಸೀಮೆಸುಣ್ಣ ಹಚ್ಚಿ ಕದ ಮುಚ್ಚಿ ತೆಗೆಯಿರಿ, ಸುಣ್ಣ ಅಂಟಿದ ಜಾಗವನ್ನಷ್ಟೇ ತೀಡಿ.

ಚೌಕಟ್ಟಿನ ಎರಡು ಕರ್ಣಗಳನ್ನು ದಾರದಿಂದ ಅಳೆದಾಗ ವ್ಯತ್ಯಾಸ ಕಂಡರೆ, ಮಾಳಿಗೆಯ ಮಣ್ಣಿನ ಭಾರಕ್ಕೆ ಮೇಲಿನ ತೊಲೆ ಬಾಗಿರಬಹುದು ಅಥವಾ ಗೋಡೆ ಕುಸಿದಿರಬಹುದು. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲು. ಇವೆರಡನ್ನೂ ಅನುಭವಿ ಬಡಗಿಗೆ ತೋರಿಸಿಯೇ ಮುಂದುವರಿಯಬೇಕು.

ಕದ ಸಲೀಸಾಗಿ ಆಡತೊಡಗಿದ ಮೇಲೆ ಅದರ ತಲೆ ಮತ್ತು ಬುಡದ ಅಂಚುಗಳನ್ನು ಕೈಯಿಂದ ಸವರಿ ನೋಡಿ. ಕಣ್ಣಿಗೆ ಬೀಳದ ಈ ಅಂಚುಗಳಿಗೆ ಬಣ್ಣದವರು ಕುಂಚ ತಾಗಿಸಿರುವುದೇ ಅಪರೂಪ, ಮರ ನೀರು ಕುಡಿಯುವುದೂ ಅಲ್ಲಿಂದಲೇ. ಒಣ ದಿನ ನೋಡಿ ಅಲ್ಲಿಗೆ ಪ್ರೈಮರ್, ಅದರ ಮೇಲೆ ತೆಳುವಾಗಿ ಬಣ್ಣ ಬಳಿದು, ಪೂರ್ತಿ ಒಣಗುವವರೆಗೆ ಕಿಟಕಿಯನ್ನು ತೆರೆದೇ ಇಡಿ.