ಏಳು ತೂತಿನ ಕಾರ್ಡು

ವಿನ್ಯಾಸಕಾರರು ಸಮಾಜಸೇವೆಗೆ ಬಂದರೆ ಒಂದು ಲೋಗೊ, ನಾಲ್ಕು ಪೋಸ್ಟರು ಮಾಡಿಕೊಟ್ಟು ಹೋಗುತ್ತಾರೆ ಎಂಬ ಮಾತನ್ನು ಪುಣೆಯಲ್ಲಿ ಹಲವು ವರ್ಷಗಳಿಂದ ಕೇಳುತ್ತಿದ್ದೇನೆ. ಮೊದಮೊದಲು ನಾನು ಮಾಡಿದ್ದೂ ಅದನ್ನೇ ಆದ್ದರಿಂದ ಎದುರಾಡಲು ಬಾಯಿರಲಿಲ್ಲ. ಯಾದಗಿರಿ, ಕಲಬುರಗಿ ಕಡೆಯಿಂದ ಪುಣೆಯ ಅಂಚಿನ ವಾಘೋಲಿಯ ಕಟ್ಟಡಗಳ ಕೆಲಸಕ್ಕೆ ಬರುವವರ ಮಕ್ಕಳಿಗಾಗಿ ಮಾಡಿದ ಪುಟ್ಟ ಲಸಿಕೆ ಕಾರ್ಡೊಂದು ಈಗ ಎರಡು ವರ್ಷ ಬಾಳಿಕೆ ಬಂದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ವಿನ್ಯಾಸವನ್ನು ಅಭಿವೃದ್ಧಿಗೆ ಬಳಸಬೇಕೆಂದ 1979ರ ಅಹಮದಾಬಾದ್ ಘೋಷಣೆಯನ್ನು ನಾವು ವಿನ್ಯಾಸಕಾರರೆಲ್ಲ ಓದಿದವರೇ; ಆ ಚರ್ಚೆ ಇಲ್ಲಿ ಬೇಡ.

ಮಗು ಹುಟ್ಟುವುದು ಊರಿನಲ್ಲಿ, ಅಲ್ಲಿ ಕನ್ನಡದ ತಾಯಿ ಕಾರ್ಡು. ಒಂದೂವರೆ ತಿಂಗಳ ಸೂಜಿ ಪುಣೆಯಲ್ಲಿ, ಇಲ್ಲಿ ಮರಾಠಿಯ ಕಾರ್ಡು. ಒಂಬತ್ತು ತಿಂಗಳ ಹೊತ್ತಿಗೆ ಜಾತ್ರೆಗೆಂದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದರೆ, ಅಲ್ಲಿನ ಸಿಸ್ಟರಿಗೆ ಮರಾಠಿ ಬರಹ ಓದಲು ಬರುವುದಿಲ್ಲ. ಎಲ್ಲವೂ ಸರ್ಕಾರದ ಲಸಿಕೆ ಪೋರ್ಟಲಿನಲ್ಲಿದೆ ಎಂದು, ಈ ಕೆಲಸದಲ್ಲಿ ಜೊತೆಯಾದ ಸಂಸ್ಥೆಯವರು ನನಗೆ ಪಾಠ ಹೇಳಿದರು. ಪೋರ್ಟಲಿನಲ್ಲಿ ಇದ್ದದ್ದು ಗಂಡ ಯಾವಾಗಲೋ ಬಿಸಾಡಿದ ಸಿಮ್ಮಿನ ನಂಬರು.

ನನ್ನ ಮೊದಲ ಪ್ರಯತ್ನ, ನಗುವ ತಾಯಿ ಮತ್ತು ಸಿರಿಂಜಿನ ಚಿತ್ರವಿದ್ದ ಪೋಸ್ಟರು. ಕೆಲಸಗಾರರ ಶೆಡ್ಡಿನ ಹೆಂಗಸೊಬ್ಬಳು ಅದನ್ನು ನೋಡಿ, "ಅಣ್ಣಾರ, ಇದು ಇನ್ಸೂರೆನ್ಸಿನವ್ರದೇನ್ರಿ?" ಎಂದು ಕೇಳಿದಳು. ಕೈಯಿಂದ ಸುಮಾರು ಹದಿನೆಂಟು ಸಾವಿರ ಹೋಯಿತು. ಎರಡನೆಯದು ಹದಿನಾರು ಪುಟದ ಬಣ್ಣದ ಪುಸ್ತಿಕೆ. ಅದಕ್ಕೆ ನಲವತ್ತು ಸಾವಿರದಷ್ಟಾಯಿತು, ಅರ್ಧ ಸಂಸ್ಥೆಯದು, ಅರ್ಧ ನನ್ನದು. ತಿಂಗಳು ಬಿಟ್ಟು ಹೋಗಿ ನೋಡಿದರೆ ಒಂದು ಮನೆಯಲ್ಲಿ ಅದು ಒಲೆಯ ಪಕ್ಕದ ಡಬ್ಬಿಗಳ ಕೆಳಗೆ ಹಾಸಾಗಿತ್ತು. ಆದರೆ ಅದೇ ಶೆಡ್ಡಿನ ತಗಡಿನ ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಕವರು ತೂಗುತ್ತಿತ್ತು. ಅದರೊಳಗೆ ಆಧಾರ್, ರೇಷನ್ ಕಾರ್ಡು, ಎರಡು ಐನೂರರ ನೋಟು, ಮಡಿಚಿದ ಒಂದು ಫೋಟೊ. ಶೆಡ್ಡು ಬದಲಾದಾಗ ಮೊದಲು ಕೈಗೆ ಬರುವುದು ಆ ಕವರು. ನನ್ನ ಕೆಲಸ ಆ ಕವರಿನೊಳಗೆ ಜಾಗ ಗಿಟ್ಟಿಸುವುದು ಎಂದು ಅಂದು ತಿಳಿಯಿತು.

ಹಾಗಾಗಿ ಅಳತೆ ಆಧಾರ್ ಕಾರ್ಡಿನದೇ ಆಯಿತು. ಸರ್ಕಾರಿ ಕಾರ್ಡಿಗೆ ಇದು ಬದಲಿಯಲ್ಲ, ಜೊತೆಗಾರ. ಸಾದಾ ಆರ್ಟ್ ಪೇಪರು ಸಿಮೆಂಟಿನ ನೀರಿಗೆ ವಾರದಲ್ಲಿ ಹಿಟ್ಟಾಯಿತು. ಲ್ಯಾಮಿನೇಟ್ ಮಾಡಿಸಿದೆ, ನರ್ಸ್‌ಬಾಯಿಯ ಬಾಲ್‌ಪೆನ್ನು ಅದರ ಮೇಲೆ ಜಾರಿತು. ಕೊನೆಗೆ ಬರೆಯುವ ಕೆಲಸವನ್ನೇ ತೆಗೆದುಹಾಕಿ, ಹಳೆಯ ಬಸ್ ಕಂಡಕ್ಟರರ ಪಂಚಿನಂತೆ ತೂತು ಹೊಡೆಯುವ ಏರ್ಪಾಡು ಮಾಡಿದೆ. ಹುಟ್ಟಿದಾಗ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು, ಒಂಬತ್ತು ತಿಂಗಳು, 16ರಿಂದ 24 ತಿಂಗಳು, 5–6 ವರ್ಷ: ಒಟ್ಟು ಏಳು ಮನೆ, ಏಳು ತೂತು. ಪುಣೆಯ ಪಂಚು ಒಂದು ಆಕಾರ, ಊರಿನದು ಬೇರೆ ಆಕಾರ. ಯಾವ ಆಕಾರ, ಎಲ್ಲಿ ಮಾಡಿಸಿದೆ ಎಂಬುದನ್ನು ನಕಲಿನ ಭಯದಿಂದ ಇಲ್ಲಿ ಬರೆಯುವುದಿಲ್ಲ.

ಕಾರ್ಡಿನ ಈ ಮನೆಗಳಲ್ಲಿ ಸಿರಿಂಜಿನ ಚಿತ್ರವಿಲ್ಲ. ತಾಯಂದಿರು ಲಸಿಕೆಯ ಹೆಸರನ್ನಲ್ಲ, ಚುಚ್ಚಿದ ಜಾಗವನ್ನು ನೆನಪಿಟ್ಟುಕೊಳ್ಳುತ್ತಾರೆ. ಕ್ಷಯ ತಡೆಯುವ ಬಿಸಿಜಿ ಎಡ ತೋಳಿಗೆ, ಐದು ರೋಗ ತಡೆಯುವ ಪೆಂಟಾವೇಲೆಂಟ್ ಎಡ ತೊಡೆಗೆ, ದಡಾರ–ರುಬೆಲ್ಲಾ ಬಲ ತೋಳಿಗೆ. ಆಯಾ ಜಾಗದಲ್ಲಿ ಚುಕ್ಕೆಯಿಟ್ಟ ಮಗುವಿನ ರೇಖಾಚಿತ್ರ, ಅಷ್ಟೇ. ನನ್ನ ವೃತ್ತಿಜೀವನದ ಅತ್ಯಂತ ಬಡಕಲು ಚಿತ್ರ ಅದು, ಮತ್ತು ಕೆಲಸ ಮಾಡಿದ ಚಿತ್ರವೂ ಅದೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಡುವೆ ದಾರಿ ತಪ್ಪಿ ಇನ್ನೊಂದು ಪ್ರಯೋಗ ಮಾಡಿದೆ. ಸೂಜಿಯ ದಿನವನ್ನು ನೆನಪಿಸುವ ಕರೆಯನ್ನು ಶುದ್ಧ ಬೆಂಗಳೂರು ಕನ್ನಡದಲ್ಲಿ ರೆಕಾರ್ಡ್ ಮಾಡಿಸಿದಾಗ ಕಂಪನಿಯವರ ಕರೆಯೆಂದು ಎಲ್ಲರೂ ಕತ್ತರಿಸಿದರು. ಶೆಡ್ಡಿನದೇ ಹೆಂಗಸೊಬ್ಬಳಿಂದ "ಕಾರಹುಣ್ಣಿವಿ ಮುಂದ ಸೂಜಿ ಮಾಡಸ್ರಿ" ಎಂದು ಹೇಳಿಸಿದ ಮೇಲೆ ಬಹುತೇಕರು ಪೂರ್ತಿ ಕೇಳಿದರು. ದುಡ್ಡು ಮುಗಿದದ್ದರಿಂದ ಅದು ಅಲ್ಲಿಗೇ ನಿಂತಿತು, ಆದರೆ ಹಬ್ಬದ ಹೆಸರು ಕಾರ್ಡಿನ ಹಿಂಬದಿಗೆ ಬಂತು.

ಹರಿಯದ ಸಿಂಥೆಟಿಕ್ ಹಾಳೆಯಲ್ಲಿ ಐನೂರು ಕಾರ್ಡಿಗೆ ಆರು ಸಾವಿರ ಚಿಲ್ಲರೆ ಬಿತ್ತು. ಮೊದಲ ವರ್ಷ ಇನ್ನೂರು ಚಿಲ್ಲರೆ ಮಕ್ಕಳ ಮನೆಗಳಲ್ಲಿ ತೋರಿಸಿ ಎಂದಾಗ ನೂರೈವತ್ತರಷ್ಟು ಕಾರ್ಡು ಕವರಿನಿಂದ ತಕ್ಷಣ ಹೊರಬಂದವು. ಸರ್ಕಾರದ ದೊಡ್ಡ ಕಾರ್ಡು ಮೂರರಲ್ಲಿ ಒಬ್ಬರ ಬಳಿಯೂ ಸಿಗುತ್ತಿರಲಿಲ್ಲ. ಪೋರ್ಟಲಿನ ಪಾಠ ಹೇಳಿದವರೇ ಈಗ ಇನ್ನೊಂದು ಬಡಾವಣೆಗೆ ಸಾವಿರ ಕಾರ್ಡು ಕೇಳಿದ್ದಾರೆ. ಎರಡನೆಯ ಮುದ್ರಣಕ್ಕೆ ಮೂಲೆಗಳನ್ನು ದುಂಡಗೆ ಕತ್ತರಿಸಲು ಹೇಳಿದ್ದೇನೆ. ಚೂಪು ಮೂಲೆ ತಗುಲಿ ನಾಲ್ಕೈದು ಮನೆಗಳ ಕವರು ಹರಿದಿತ್ತು.